ಸ್ಕೋರ್‌ಕಾರ್ಡ್‌ನಲ್ಲಿ ಕಾಣದ ಇಪ್ಪತ್ನಾಲ್ಕನೇ ನಂಬರ್

ಈ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಬ್ಬ ಆಟಗಾರ ಹುಟ್ಟಿದ, ಹನ್ನೆರಡು ಸೀಸನ್ ಆಡಿದ, ರಿಟೈರ್ ಕೂಡ ಆದ. ಅವನು ಮನುಷ್ಯ ಅಲ್ಲ, ಪೈಥಾನ್‌ನಲ್ಲಿ ಬರೆದ ಒಂದು ಆಬ್ಜೆಕ್ಟ್ ಅಷ್ಟೇ. ಅವನಿಗೆ ಏನು ಹೆಸರಿಡೋದು ಅಂತ ನಾವು ಮೂವರೂ ಎರಡು ರಾತ್ರಿ ಕಿತ್ತಾಡಿ, ಕೊನೆಗೆ ರೂಮ್ ನಂಬರನ್ನೇ ಜೆರ್ಸಿ ನಂಬರ್ ಮಾಡಿ ‘ಇಪ್ಪತ್ನಾಲ್ಕು’ ಅಂತ ಕರೆದ್ವಿ. ಆಟ ಅಮೆರಿಕನ್ ಫುಟ್ಬಾಲ್. ಅವನ ಜಾಗ ಕಾರ್ನರ್‌ಬ್ಯಾಕ್.

‘ಕ್ರಿಕೆಟ್ ಬಿಟ್ಟು ಅದ್ಯಾವುದೋ ಆಟ ಯಾಕ್ರಪ್ಪಾ?’ ಅಂತ ಪಕ್ಕದ ರೂಮಿನವರು ಕೇಳಿದ್ರು. ನೀವೂ ಕೇಳಬಹುದು. ಈ ಕಾರ್ನರ್‌ಬ್ಯಾಕ್ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಅವನು ಚೆನ್ನಾಗಿ ಆಡಿದಷ್ಟೂ ಅವನ ಅಂಕಿಅಂಶ ಕೆಟ್ಟದಾಗಿ ಕಾಣುತ್ತೆ. ಮೊದಲು ನಾವು ಇದನ್ನ ನಮ್ಮ ಕೋಡ್‌ನ ಬಗ್ ಅಂದುಕೊಂಡಿದ್ವಿ. ಬಗ್ ಅಲ್ಲ ಅಂತ ಗೊತ್ತಾದ ಕಥೆಯೇ ಈ ಲೇಖನ.

ಮೊದಲು ಆಟ ಅರ್ಥ ಮಾಡ್ಕೊಳ್ಳೋಣ

ಅಮೆರಿಕನ್ ಫುಟ್ಬಾಲ್‌ನಲ್ಲಿ ಚೆಂಡನ್ನ ಒದೆಯೋದು ಕಡಿಮೆ. ಹಿಡ್ಕೊಂಡು ಓಡ್ತಾರೆ, ಇಲ್ಲಾಂದ್ರೆ ಎಸೀತಾರೆ. ಒಂದು ಕಡೆಗೆ 11 ಜನ. ಮೈದಾನ 100 ಯಾರ್ಡ್ ಉದ್ದ, ಎರಡೂ ತುದಿಯಲ್ಲಿ ಇನ್ನೂ 10 ಯಾರ್ಡ್‌ನ ಎಂಡ್ ಝೋನ್. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋದ್ರೆ ಮತ್ತೆ ನಾಲ್ಕು ಅವಕಾಶ ಸಿಗುತ್ತೆ. ಎಂಡ್ ಝೋನ್ ಮುಟ್ಟಿದ್ರೆ ಟಚ್‌ಡೌನ್, 6 ಪಾಯಿಂಟ್. ಕಂಬಗಳ ನಡುವೆ ಒದ್ದು ಕಳಿಸಿದ್ರೆ ಫೀಲ್ಡ್ ಗೋಲ್, 3 ಪಾಯಿಂಟ್.

ಚೆಂಡು ಎಸೆಯೋನು ಕ್ವಾರ್ಟರ್‌ಬ್ಯಾಕ್. ಓಡಿಹೋಗಿ ಅದನ್ನ ಹಿಡಿಯೋನು ರಿಸೀವರ್. ಆ ರಿಸೀವರ್‌ಗೆ ನೆರಳಿನ ಹಾಗೆ ಅಂಟಿಕೊಂಡು, ಹಿಡಿಯೋಕೆ ಬಿಡದೇ ಇರೋನೇ ಕಾರ್ನರ್‌ಬ್ಯಾಕ್. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಅಂತ ರಿಸೀವರ್‌ಗೆ ಮೊದಲೇ ಗೊತ್ತಿರುತ್ತೆ, ಕಾರ್ನರ್‌ಬ್ಯಾಕ್‌ಗೆ ಗೊತ್ತಿರಲ್ಲ. ಅವನು ಹಿಮ್ಮುಖವಾಗಿ ಓಡುತ್ತಾ ಊಹೆ ಮಾಡಬೇಕು. ಸಾಲದು ಅಂತ 1978ರಿಂದ ಇನ್ನೊಂದು ನಿಯಮ ಬಂತು: ಆಟ ಶುರುವಾದ ಗೆರೆಯಿಂದ 5 ಯಾರ್ಡ್ ದಾಟಿದ ಮೇಲೆ ರಿಸೀವರನ್ನ ತಳ್ಳೋ ಹಾಗಿಲ್ಲ. ಕೈ ಕಟ್ಟಿಹಾಕಿ ‘ಈಗ ಕಾಯಿ’ ಅಂದ ಹಾಗೆ.

ಎಸೆದ ಚೆಂಡನ್ನ ಕಾರ್ನರ್‌ಬ್ಯಾಕ್ ತಾನೇ ಹಿಡಿದುಬಿಟ್ಟರೆ ಅದು ಇಂಟರ್‌ಸೆಪ್ಷನ್. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸೋದು, ದಾಖಲೆ ಪುಸ್ತಕಕ್ಕೆ ಹೋಗೋದು ಅದೇ. 1952ರಲ್ಲಿ ಡಿಕ್ ‘ನೈಟ್ ಟ್ರೇನ್’ ಲೇನ್ ತನ್ನ ಮೊದಲನೇ ಸೀಸನ್‌ನಲ್ಲೇ, ಬರೀ 12 ಪಂದ್ಯಗಳ ಸೀಸನ್‌ನಲ್ಲಿ, 14 ಇಂಟರ್‌ಸೆಪ್ಷನ್ ಹಿಡಿದ. ಈಗ ಸೀಸನ್‌ಗೆ 17 ಪಂದ್ಯ ಇದ್ದರೂ ಆ ದಾಖಲೆ ಹಾಗೇ ಇದೆ.

ಸಿಮ್ಯುಲೇಶನ್ ಲೀಗ್ ಅಂದ್ರೆ?

ಅಮೆರಿಕದಲ್ಲಿ ಈ ಹುಚ್ಚು ಕಂಪ್ಯೂಟರ್‌ಗಿಂತ ಹಳೇದು. 1961ರಲ್ಲಿ ಹಾಲ್ ರಿಚ್‌ಮನ್ ಅನ್ನೋರು ‘ಸ್ಟ್ರಾಟ್-ಓ-ಮ್ಯಾಟಿಕ್’ ಅನ್ನೋ ಬೇಸ್‌ಬಾಲ್ ಆಟ ತಂದರು. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಕಾರ್ಡ್. ದಾಳ ಹಾಕಬೇಕು, ಬಂದ ಸಂಖ್ಯೆಯನ್ನ ಕಾರ್ಡ್‌ನಲ್ಲಿ ಹುಡುಕಬೇಕು, ಏನಾಯ್ತು ಅಂತ ಅಲ್ಲಿ ಬರೆದಿರುತ್ತೆ. ಆಮೇಲೆ ಫುಟ್ಬಾಲ್‌ಗೂ ಇಂಥ ಆಟಗಳು ಬಂದವು. 1998ರಲ್ಲಿ ಜಿಮ್ ಗಿಂಡಿನ್ ಅವರ ‘ಫ್ರಂಟ್ ಆಫೀಸ್ ಫುಟ್ಬಾಲ್’ ಬಂದಾಗ ದಾಳದ ಕೆಲಸವನ್ನ ಕಂಪ್ಯೂಟರ್ ವಹಿಸಿಕೊಂಡಿತ್ತು. ಇದರಲ್ಲಿ ಜಾಯ್‌ಸ್ಟಿಕ್ ಹಿಡಿದು ಓಡಿಸೋದು ಏನೂ ಇಲ್ಲ. ತಂಡ ಕಟ್ಟೋದು, ಪಂದ್ಯ ರನ್ ಮಾಡೋದು, ಫಲಿತಾಂಶ ಓದಿ ತಲೆ ಚಚ್ಚಿಕೊಳ್ಳೋದು.

ಇದರ ಇನ್ನೊಂದು ರೂಪದಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ಕಾಲ್ಪನಿಕ ಆಟಗಾರನನ್ನ ಸೃಷ್ಟಿ ಮಾಡ್ತಾರೆ. ಅವನಿಗೆ ಎತ್ತರ, ತೂಕ, ವೇಗ, ಚುರುಕು, ಕೈ ಹಿಡಿತ ಎಲ್ಲಕ್ಕೂ ಅಂಕ ಹಂಚಬೇಕು. ಹೊಸಬನನ್ನ ಯಾವುದೋ ತಂಡ ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುತ್ತೆ. ಮಾಲೀಕ ಕೊಟ್ಟ ಕೆಲಸಗಳನ್ನ ಮಾಡಿ ಪಾಯಿಂಟ್ ಗಳಿಸಿದ ಹಾಗೆ ಆಟಗಾರ ಬೆಳೀತಾನೆ. ಕೆಲವು ಸೀಸನ್ ಆದ ಮೇಲೆ ವಯಸ್ಸು ಅಂತ ಹೇಳಿ ಲೀಗ್ ಪಾಯಿಂಟ್ ಕತ್ತರಿಸೋಕೆ ಶುರು ಮಾಡುತ್ತೆ. ಎಷ್ಟೇ ದುಡಿದರೂ ಒಂದು ದಿನ ರಿಟೈರ್ ಮಾಡಿಸಲೇಬೇಕು.

ನಾವು ಇದನ್ನೇ ಸಣ್ಣದಾಗಿ ಮಾಡಿದ್ವಿ. ಎಂಟು ತಂಡ, 17 ಪಂದ್ಯದ ಸೀಸನ್. ಮ್ಯಾಥ್ಸ್‌ನ ಒಂದು ಪ್ರಾಬ್ಲಮ್ ಬಿಡಿಸಿದ್ರೆ ಆಟಗಾರನಿಗೆ ಒಂದು ಪಾಯಿಂಟ್. (ಹೌದು, ಇಂಟರ್ನಲ್ಸ್‌ನಲ್ಲಿ ಅದರಿಂದ ಉಪಯೋಗ ಆಯ್ತು.) ನಾವಿಬ್ಬರು ಕ್ವಾರ್ಟರ್‌ಬ್ಯಾಕ್ ಮಾಡೋಣ ಅಂದ್ವಿ, ಹೀರೋ ಅವನೇ ತಾನೇ. ಮೂರನೆಯವನು ಮಾತ್ರ ‘ಕಾರ್ನರ್‌ಬ್ಯಾಕೇ ಬೇಕು’ ಅಂತ ಹಠ ಹಿಡಿದ. ಯಾಕೆ ಅಂತ ಆಗ ನಾವು ಕೇಳಲಿಲ್ಲ.

ಒಂದು ಪ್ಲೇ ಒಳಗೆ ಏನಾಗುತ್ತೆ?

ಎಂಜಿನ್ ನಿಜಕ್ಕೂ ಸರಳ. ಪ್ರತಿ ಪ್ಲೇಗೂ ಮೂರು ಪ್ರಶ್ನೆ. ಓಡೋದಾ, ಎಸೆಯೋದಾ? ಎಸೆದರೆ ಯಾರಿಗೆ? ಎಸೆದ ಮೇಲೆ ಏನಾಯ್ತು: ಕ್ಯಾಚ್, ಮಿಸ್, ಅಥವಾ ಇಂಟರ್‌ಸೆಪ್ಷನ್? ಪ್ರತಿ ಪ್ರಶ್ನೆಗೂ ಒಂದು ಸಂಭಾವ್ಯತೆ ಲೆಕ್ಕ ಹಾಕಿ, ಕಂಪ್ಯೂಟರ್‌ನಿಂದ 0ಯಿಂದ 1ರ ನಡುವಿನ ಒಂದು ರ‍್ಯಾಂಡಮ್ ಸಂಖ್ಯೆ ಕೇಳ್ತೀವಿ. ಇಂಟರ್‌ಸೆಪ್ಷನ್ ಸಾಧ್ಯತೆ ಶೇ. 4 ಇದ್ದು, ಬಂದ ಸಂಖ್ಯೆ 0.04ಕ್ಕಿಂತ ಕಡಿಮೆ ಇದ್ರೆ ಚೆಂಡು ನಮ್ಮದು.

ಇದಕ್ಕೆ ಮಾಂಟೆ ಕಾರ್ಲೊ ವಿಧಾನ ಅಂತ ಹೆಸರು. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ತಾ ಇಸ್ಪೀಟಿನ ಸಾಲಿಟೇರ್ ಆಡ್ತಿದ್ದಾಗ, ‘ಗೆಲ್ಲೋ ಸಾಧ್ಯತೆ ಎಷ್ಟು ಅಂತ ಸೂತ್ರದಿಂದ ಲೆಕ್ಕ ಹಾಕೋ ಬದಲು ನೂರು ಸಲ ಆಡಿ ಎಣಿಸಿದ್ರೆ ಆಗಲ್ವಾ?’ ಅನ್ನೋ ಯೋಚನೆ ಬಂತಂತೆ. ಅವರೂ ಜಾನ್ ವಾನ್ ನಾಯ್ಮನ್ನೂ ಸೇರಿ ಅದನ್ನ ಲಾಸ್ ಅಲಾಮೋಸ್‌ನ ಭೌತಶಾಸ್ತ್ರದ ಲೆಕ್ಕಗಳಿಗೆ ಬಳಸಿದ್ರು. ನಾವು ಅದನ್ನ ಇಪ್ಪತ್ನಾಲ್ಕಿಗೆ ಬಳಸಿದ್ವಿ.

ಇನ್ನೊಂದು ವಿಷಯ: ಕಂಪ್ಯೂಟರ್‌ನ ರ‍್ಯಾಂಡಮ್ ಅನ್ನೋದು ಪೂರ್ತಿ ರ‍್ಯಾಂಡಮ್ ಅಲ್ಲ. ಸೀಡ್ ಅಂತ ಒಂದು ಸಂಖ್ಯೆ ಕೊಟ್ಟರೆ ಮುಂದಿನದ್ದೆಲ್ಲ ಅದರಿಂದಲೇ ಹುಟ್ಟುತ್ತೆ. ಅದೇ ಸೀಡ್ ಮತ್ತೆ ಕೊಟ್ಟರೆ ಅದೇ ಕ್ಯಾಚ್, ಅದೇ ಸೋಲು, ಅದೇ ಕರಿಯರ್. ನಮ್ಮಜ್ಜಿ ಕೇಳಿದ್ರೆ ಹಣೆಬರಹ ಅಂತಿದ್ರು.

ಇಪ್ಪತ್ನಾಲ್ಕರ ಕರಿಯರ್

ಮೊದಲನೇ ಸೀಸನ್. ರೇಟಿಂಗ್ 58. ಹೊಸ ಹುಡುಗ, ಕಾಲು ಇನ್ನೂ ಎಡವುತ್ತೆ. ಎದುರಾಳಿಗಳು ಸೀಸನ್ ಪೂರ್ತಿ ಅವನ ಕಡೆಗೇ ಎಸೆದ್ರು, ನೂರಕ್ಕೂ ಹೆಚ್ಚು ಸಲ. ತುಂಬಾ ಕ್ಯಾಚ್ ಬಿಟ್ಟುಕೊಟ್ಟ. ಆದರೂ ಅಷ್ಟೊಂದು ಎಸೆತದಲ್ಲಿ ಐದು ಇಂಟರ್‌ಸೆಪ್ಷನ್ ಸಿಕ್ಕವು. ಹೊಸಬರ ಪ್ರಶಸ್ತಿ ಅವನಿಗೇ. ರೂಮಿನಲ್ಲಿ ಮ್ಯಾಗಿ ಪಾರ್ಟಿ.

ಆರನೇ ಸೀಸನ್. ರೇಟಿಂಗ್ 94. ಇಡೀ ಲೀಗ್‌ನಲ್ಲೇ ಮೇಲೆ. ಈ ವರ್ಷ ಹತ್ತು ಇಂಟರ್‌ಸೆಪ್ಷನ್ ಗ್ಯಾರಂಟಿ ಅಂತ ಕಾಯ್ತಾ ಕೂತ್ವಿ. ಬಂದಿದ್ದು ಒಂದು. ಒಂದೇ ಒಂದು. ಅದೇ ತಂಡದಲ್ಲಿ ಇನ್ನೊಂದು ಬದಿಯಲ್ಲಿ ಆಡೋ, ರೇಟಿಂಗ್ 66 ಇರೋ ಕಾರ್ನರ್‌ಬ್ಯಾಕ್‌ಗೆ ಏಳು. ವರ್ಷದ ಡಿಫೆಂಡರ್ ಪ್ರಶಸ್ತಿ ಅವನ ಪಾಲಾಯ್ತು.

‘ಲೋ, ಎಲ್ಲೋ ಪ್ಲಸ್ ಬದಲು ಮೈನಸ್ ಹಾಕಿದೀರ ಕಣ್ರೋ’ ಅಂದ್ವಿ. ರಾತ್ರಿ ಎರಡು ಗಂಟೆವರೆಗೂ ಕೋಡ್ ಓದಿದ್ವಿ. ತಪ್ಪು ಸಿಗಲಿಲ್ಲ. ಆಮೇಲೆ ಮೂರನೆಯವನು ಬೇರೆ ಒಂದು ಕಾಲಂ ಪ್ರಿಂಟ್ ಮಾಡಿ ತೋರಿಸಿದ: ಇಪ್ಪತ್ನಾಲ್ಕರ ಕಡೆಗೆ ಎಷ್ಟು ಸಲ ಎಸೆದಿದ್ದಾರೆ? ಆ ಸೀಸನ್‌ನಲ್ಲಿ ಮೂವತ್ತರ ಆಸುಪಾಸು ಅಷ್ಟೇ.

ಕ್ವಾರ್ಟರ್‌ಬ್ಯಾಕ್‌ಗೆ ನಾವು ಬರೆದ ನಿಯಮ ಒಂದೇ: ಹೆಚ್ಚು ಫ್ರೀ ಇರೋನಿಗೆ ಎಸಿ. ಇಪ್ಪತ್ನಾಲ್ಕು ಕಾಯ್ತಿದ್ದ ರಿಸೀವರ್ ಯಾವತ್ತೂ ಫ್ರೀ ಇರ್ತಿರಲಿಲ್ಲ. ಹಾಗಾಗಿ ಚೆಂಡು ಆ ಕಡೆ ಬರ್ತಾನೇ ಇರಲಿಲ್ಲ. ಲೆಕ್ಕ ನೋಡಿ: ನೂರು ಎಸೆತಕ್ಕೆ ಶೇ. 4ರ ಸಾಧ್ಯತೆ ಅಂದ್ರೆ 4 ಇಂಟರ್‌ಸೆಪ್ಷನ್. ಆಟ ಸುಧಾರಿಸಿ ಸಾಧ್ಯತೆ ಶೇ. 7 ಆಯ್ತು ಅನ್ನಿ, ಆದರೆ ಎಸೆತ 30ಕ್ಕೆ ಇಳಿದ್ರೆ ಬರೋದು 2.1. ಕೌಶಲ್ಯ ಹತ್ತಿರ ಹತ್ತಿರ ಎರಡು ಪಟ್ಟು, ಫಲ ಅರ್ಧ.

ಟ್ಯಾಕಲ್ ಕಥೆ ಇನ್ನೂ ತಮಾಷೆ. ಕಾರ್ನರ್‌ಬ್ಯಾಕ್ ಟ್ಯಾಕಲ್ ಮಾಡಿದ ಅಂದ್ರೆ ಎಷ್ಟೋ ಸಲ ಅವನ ರಿಸೀವರ್ ಆಗಲೇ ಚೆಂಡು ಹಿಡಿದಾಗಿದೆ ಅಂತ ಅರ್ಥ. ನಮ್ಮ ಪ್ರಶಸ್ತಿ ಸೂತ್ರ ಅದಕ್ಕೂ ಅಂಕ ಕೊಡ್ತಿತ್ತು. ಅಂದ್ರೆ ತಪ್ಪು ಮಾಡಿದ್ದಕ್ಕೆ ಮಾರ್ಕ್ಸ್!

ಒಂಬತ್ತನೇ ಸೀಸನ್‌ನಿಂದ ವಯಸ್ಸಿನ ಕತ್ತರಿ ಬಿತ್ತು. ಹನ್ನೊಂದನೇ ಸೀಸನ್‌ಗೆ ರೇಟಿಂಗ್ 71. ಕಾಲು ನಿಧಾನ ಆಗಿದೆ ಅಂತ ಎಂಜಿನ್‌ಗೆ ಗೊತ್ತಾಗಿ ಮತ್ತೆ ಅವನ ಕಡೆ ಚೆಂಡು ಬರೋಕೆ ಶುರುವಾಯ್ತು. ಆರು ಇಂಟರ್‌ಸೆಪ್ಷನ್. ವರ್ಷದ ಡಿಫೆಂಡರ್ ಪ್ರಶಸ್ತಿ! ಅವನ ಜೀವಮಾನದಲ್ಲಿ ಅದೊಂದೇ, ಅದೂ ಆಟ ಇಳಿಮುಖವಾದ ವರ್ಷ. ಮುಂದಿನ ಸೀಸನ್ ಮುಗಿದ ಮೇಲೆ ರಿಟೈರ್ ಮಾಡಿಸಿದ್ವಿ.

ಅವತ್ತು ರೂಮಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಒಂದು ವೇರಿಯಬಲ್‌ಗೆ ಇಷ್ಟು ಬೇಜಾರಾ ಅಂತ ನಗಬೇಡಿ. ಅಮೆರಿಕದ ಲೇಖಕ ರಾಬರ್ಟ್ ಕೂವರ್ 1968ರಲ್ಲಿ ಇದೇ ಹುಚ್ಚಿನ ಮೇಲೆ ಒಂದು ಕಾದಂಬರಿ ಬರೆದಿದ್ದಾರೆ. ಅದರಲ್ಲಿ ಒಬ್ಬ ಅಕೌಂಟೆಂಟ್ ದಾಳ ಹಾಕಿ ತನ್ನದೇ ಬೇಸ್‌ಬಾಲ್ ಲೀಗ್ ನಡೆಸ್ತಾನೆ. ಅವನ ಮೆಚ್ಚಿನ ಹುಡುಗ ಒಂದು ಕೆಟ್ಟ ದಾಳಕ್ಕೆ ಸತ್ತುಹೋದಾಗ ಅವನ ನಿಜ ಜೀವನವೇ ಅಲ್ಲಾಡಿಹೋಗುತ್ತೆ. ನಾವು ಅಷ್ಟು ದೂರ ಹೋಗಲಿಲ್ಲ, ಬೆಳಗ್ಗೆ ಎಂಟಕ್ಕೆ ಲ್ಯಾಬ್ ಇತ್ತು.

ನಿಜವಾದ ಮೈದಾನದಲ್ಲಿ

ನಮ್ಮ ಆಟಿಕೆ ಪ್ರೋಗ್ರಾಂ ಹೇಳಿದ್ದು ನಿಜವಾದ ಎನ್‌ಎಫ್‌ಎಲ್‌ನಲ್ಲೂ ನಡೆದಿದ್ಯಾ ಅಂತ ಹುಡುಕಿದ್ವಿ. ನಡೆದಿದೆ.

ಓಕ್ಲಂಡ್ ರೈಡರ್ಸ್ ತಂಡದ ನಾಮ್ಡಿ ಅಸಮುವಾ 2006ರಲ್ಲಿ 8 ಇಂಟರ್‌ಸೆಪ್ಷನ್ ಹಿಡಿದ. 2007ರಲ್ಲಿ 1. 2008ರಲ್ಲೂ 1. ಅವನ ಆಟ ಕೆಟ್ಟಿದ್ದಲ್ಲ. 2006 ನೋಡಿದ ಮೇಲೆ ಎದುರಾಳಿಗಳು ಆ ಕಡೆ ಎಸೆಯೋದನ್ನೇ ಹೆಚ್ಚುಕಮ್ಮಿ ಬಿಟ್ಟರು. ನಮ್ಮ ಆರನೇ ಸೀಸನ್ ಇದೇ ಅಲ್ವಾ?

ಇನ್ನೊಬ್ಬ ಡ್ಯಾರೆಲ್ ರೆವಿಸ್, ನ್ಯೂಯಾರ್ಕ್ ಜೆಟ್ಸ್. ಅವನ ಜೆರ್ಸಿ ನಂಬರ್ ಕೂಡ 24 ಅಂತ ನಮಗೆ ಗೊತ್ತಾಗಿದ್ದು ಆಮೇಲೆ! ಅವನು ಕಾಯೋ ಜಾಗಕ್ಕೆ ಅಭಿಮಾನಿಗಳು ‘ರೆವಿಸ್ ಐಲ್ಯಾಂಡ್’ ಅಂತ ಹೆಸರಿಟ್ಟಿದ್ರು. ಅಲ್ಲಿಗೆ ಹೋದ ರಿಸೀವರ್ ದ್ವೀಪದಲ್ಲಿ ಒಂಟಿ. 2007ರಲ್ಲಿ 23 ಟಚ್‌ಡೌನ್ ಕ್ಯಾಚ್ ಹಿಡಿದು ದಾಖಲೆ ಮಾಡಿದ ರ‍್ಯಾಂಡಿ ಮಾಸ್‌ನನ್ನ 2009ರ ಸೆಪ್ಟೆಂಬರ್‌ನ ಪಂದ್ಯದಲ್ಲಿ ರೆವಿಸ್ 4 ಕ್ಯಾಚ್, 24 ಯಾರ್ಡ್‌ಗೆ ಕಟ್ಟಿಹಾಕಿದ. ಆದರೂ ಆ ವರ್ಷದ ಡಿಫೆಂಡರ್ ಪ್ರಶಸ್ತಿ ಹೋಗಿದ್ದು ಗ್ರೀನ್ ಬೇಯ ಚಾರ್ಲ್ಸ್ ವುಡ್ಸನ್‌ಗೆ. ವುಡ್ಸನ್ ಸಾಮಾನ್ಯ ಆಟಗಾರ ಅಲ್ಲ, ಅವನೂ ದೊಡ್ಡವನೇ. ಆದರೆ ಅವನ ಹೆಸರಿನ ಮುಂದೆ 9 ಇಂಟರ್‌ಸೆಪ್ಷನ್ ಇತ್ತು, ರೆವಿಸ್ ಮುಂದೆ 6.

ಕಾಲ ಹೋದ ಹಾಗೆ ಜನ ಕಲಿತರು ಅನ್ಸುತ್ತೆ. ರೆವಿಸ್ ತನ್ನ ಇಡೀ ಕರಿಯರ್‌ನಲ್ಲಿ ಹಿಡಿದಿದ್ದು 29 ಇಂಟರ್‌ಸೆಪ್ಷನ್. ನೈಟ್ ಟ್ರೇನ್ ಲೇನ್‌ದು 68. ಆದರೂ 2023ರಲ್ಲಿ, ಅರ್ಹತೆ ಬಂದ ಮೊದಲನೇ ವರ್ಷವೇ, ರೆವಿಸ್ ಹಾಲ್ ಆಫ್ ಫೇಮ್ ಸೇರಿದ. 2024ರ ಸೀಸನ್‌ಗೆ ವರ್ಷದ ಡಿಫೆಂಡರ್ ಆಗಿದ್ದು ಡೆನ್ವರ್‌ನ ಕಾರ್ನರ್‌ಬ್ಯಾಕ್ ಪ್ಯಾಟ್ರಿಕ್ ಸರ್ಟೇನ್, ಬರೀ 4 ಇಂಟರ್‌ಸೆಪ್ಷನ್‌ಗೆ.

ಇದು ನಮ್ಮ ಕ್ರಿಕೆಟ್‌ನಲ್ಲೂ ಇದೆ. ‘ಇವನ ಓವರ್ ಹೆಂಗಾದ್ರೂ ದಾಟಿಸೋಣ, ಆ ಕಡೆಯವನಿಗೆ ಹೊಡೆಯೋಣ’ ಅಂತ ಬ್ಯಾಟ್ಸ್‌ಮನ್ ಆಡಿದಾಗ ವಿಕೆಟ್ ಆ ಕಡೆಯವನಿಗೆ ಬೀಳುತ್ತೆ. ಜಡೇಜ ಕೈಗೆ ಚೆಂಡು ಹೋದಾಗ ಎರಡನೇ ರನ್‌ಗೆ ಓಡೋಕೆ ಎಲ್ಲರೂ ಹಿಂದೆಮುಂದೆ ನೋಡ್ತಾರೆ. ಆ ಓಡದ ರನ್ ಯಾವ ಸ್ಕೋರ್‌ಕಾರ್ಡ್‌ನಲ್ಲೂ ಇರಲ್ಲ.

ಅದೃಷ್ಟ ಎಷ್ಟು, ಆಟ ಎಷ್ಟು?

ಇನ್ನೊಂದು ಪ್ರಯೋಗ ಮಾಡಿದ್ವಿ. ಒಬ್ಬನೇ ಆಟಗಾರ, ರೇಟಿಂಗ್ ಬದಲಾಯಿಸಲಿಲ್ಲ, ಸೀಸನ್‌ಗೆ 100 ಎಸೆತ, ಶೇ. 4. ಸೀಡ್ ಮಾತ್ರ ಬದಲಾಯಿಸಿ ಸಾವಿರ ಸೀಸನ್ ಓಡಿಸಿದ್ವಿ. ಸರಾಸರಿ 4 ಬಂತು, ಬರಲೇಬೇಕು. ಆದರೆ ಸುಮಾರು ಇಪ್ಪತ್ತು ಸೀಸನ್‌ನಲ್ಲಿ ಸೊನ್ನೆ! ಇನ್ನೊಂದು ಇಪ್ಪತ್ತರಲ್ಲಿ ಒಂಬತ್ತು ಅಥವಾ ಹೆಚ್ಚು!

ಪ್ರಾಬಬಿಲಿಟಿ ಕ್ಲಾಸ್‌ನಲ್ಲಿ ನಿದ್ದೆ ಮಾಡದೇ ಇದ್ದವರಿಗೆ ಇದು ಪಾಯ್ಸನ್ ಅಂತ ಹೊಳೆದಿರುತ್ತೆ. ಅಪರೂಪದ ಘಟನೆಗಳಲ್ಲಿ ಸರಾಸರಿ 4 ಇದ್ರೆ ಸ್ಟ್ಯಾಂಡರ್ಡ್ ಡೀವಿಯೇಶನ್ ಅದರ ವರ್ಗಮೂಲ, ಅಂದ್ರೆ 2. ಹಾಗಾಗಿ 2 ಹಿಡಿದವನಿಗೂ 6 ಹಿಡಿದವನಿಗೂ ಇರೋ ವ್ಯತ್ಯಾಸ ಬರೀ ದಾಳದ್ದೇ ಆಗಿರಬಹುದು. ಒಂದು ಸೀಸನ್ ನೋಡಿ ‘ಇವನು ಮುಗಿದ’ ಅನ್ನೋರಿಗೆ ಈ ವರ್ಗಮೂಲವನ್ನ ತೋರಿಸಬೇಕು.

ಅವನು ಇಲ್ಲದಿದ್ದರೆ?

ಹಾಗಾದ್ರೆ ಆರನೇ ಸೀಸನ್‌ನ ಇಪ್ಪತ್ನಾಲ್ಕನ್ನ ಅಳೆಯೋದು ಹೇಗೆ? ಮೂರನೆಯವನೇ ದಾರಿ ಹೇಳಿದ: ‘ಅವನು ಏನು ಮಾಡಿದ ಅಂತ ಎಣಿಸಬೇಡಿ. ಅವನನ್ನ ತೆಗೆದುಹಾಕಿ ಏನಾಗುತ್ತೆ ನೋಡಿ.’

ಅವನ ಜಾಗಕ್ಕೆ ರೇಟಿಂಗ್ 60ರ ಸಾಧಾರಣ ಕಾರ್ನರ್‌ಬ್ಯಾಕನ್ನ ಹಾಕಿ ಅದೇ ಸೀಸನ್ ಮತ್ತೆ ಓಡಿಸಿದ್ವಿ. ಅದೇ ಸೀಡ್ ಕೊಟ್ಟರೂ ಒಂದು ಪ್ಲೇ ಬದಲಾದ ಕೂಡಲೇ ಮುಂದಿನದ್ದೆಲ್ಲ ಬೇರೆ ದಾರಿ ಹಿಡಿಯುತ್ತೆ. ಅದಕ್ಕೆ ಅವನು ಇದ್ದಾಗ ಸಾವಿರ ಸೀಸನ್, ಇಲ್ಲದಾಗ ಸಾವಿರ ಸೀಸನ್ ಓಡಿಸಿ ಸರಾಸರಿ ತೆಗೆದ್ವಿ. ಅವನಿಲ್ಲದ ತಂಡ ಪಂದ್ಯಕ್ಕೆ ಸುಮಾರು ಮೂರು ಪಾಯಿಂಟ್ ಹೆಚ್ಚು ಬಿಟ್ಟುಕೊಡ್ತಿತ್ತು. ಅಂದ್ರೆ ಪ್ರತಿ ಪಂದ್ಯದಲ್ಲೂ ಎದುರಾಳಿಯ ಒಂದು ಫೀಲ್ಡ್ ಗೋಲನ್ನ ಅವನು ಸದ್ದಿಲ್ಲದೆ ಅಳಿಸಿಹಾಕ್ತಿದ್ದ. (ಇದು ನಾವೇ ಇಟ್ಟ ತೂಕಗಳಿಂದ ಬಂದ ಸಂಖ್ಯೆ. ನಿಜವಾದ ಲೀಗ್‌ಗೆ ಇದನ್ನ ಅಂಟಿಸಬೇಡಿ.) ಅವನ ಜೊತೆಗಾರನ ಏಳು ಇಂಟರ್‌ಸೆಪ್ಷನ್‌ನಲ್ಲೂ ಅವನ ಪಾಲಿತ್ತು. ಎಲ್ಲ ಎಸೆತವೂ ಆ ಕಡೆ ಹೋಗೋ ಹಾಗೆ ಮಾಡಿದ್ದು ಅವನೇ ತಾನೇ!

ಸ್ಕ್ರೀನ್ ಮೇಲೆ ಆ ಸಂಖ್ಯೆ ಬಂದಾಗ ಮೂರನೆಯವನು ಮೆಲ್ಲಗೆ ಅಂದ: ‘ವೈವಾದಲ್ಲೂ ಹಿಂಗೇ ಒಂದು ಸಿಮ್ಯುಲೇಶನ್ ಓಡಿಸೋ ಹಾಗಿದ್ದಿದ್ರೆ ಚೆನ್ನಾಗಿರ್ತಿತ್ತು ಮಗಾ.’

ಇದನ್ನ ಹೇಳಲೇಬೇಕು. ಕಳೆದ ಸೆಮ್‌ನ ಮಿನಿ ಪ್ರಾಜೆಕ್ಟ್‌ನಲ್ಲಿ ನಾವು ಮೂವರೂ ಮೆಸ್ ಕೂಪನ್ ಆ್ಯಪ್ ಮಾಡಿದ್ವಿ. ಒಬ್ಬ ಸ್ಕ್ರೀನ್ ಮಾಡಿದ, ಒಬ್ಬ ಸರ್ವರ್ ಮಾಡಿದ. ಮೂರನೆಯವನು ಮಾಡಿದ್ದು ಟೆಸ್ಟಿಂಗ್. ಇಬ್ಬರು ಒಂದೇ ಕ್ಷಣಕ್ಕೆ ಒತ್ತಿದ್ರೆ ಒಂದೇ ಕೂಪನ್ ಎರಡು ಸಲ ಖರ್ಚಾಗುತ್ತೆ ಅಂತ ಕಂಡುಹಿಡಿದವನು ಅವನು. ನೆಟ್ ಹೋದಾಗ ದುಡ್ಡು ಕಟ್ ಆಗಿ ಕೂಪನ್ ಬರಲ್ಲ ಅಂತ ಕಂಡುಹಿಡಿದವನೂ ಅವನೇ. ಡೆಮೋ ದಿನ ಏನೂ ತೊಂದರೆ ಆಗಲಿಲ್ಲ. ವೈವಾದಲ್ಲಿ ‘ನೀನೇನಪ್ಪಾ ಮಾಡಿದೆ?’ ಅಂತ ಕೇಳಿದ್ರು. ‘ತೊಂದರೆ ಬರದ ಹಾಗೆ ನೋಡ್ಕೊಂಡೆ ಸರ್’ ಅಂದ. ಮೂವರಲ್ಲಿ ಕಡಿಮೆ ಮಾರ್ಕ್ಸ್ ಬಂದಿದ್ದು ಅವನಿಗೆ. ಕೇಳಿದವರದ್ದು ಪೂರ್ತಿ ತಪ್ಪು ಅನ್ನೋಕಾಗಲ್ಲ, ಅವರಿಗೆ ಕಂಡಿದ್ದು ಸ್ಕೋರ್‌ಕಾರ್ಡ್ ಮಾತ್ರ. ಆದರೆ ಪಕ್ಕದಲ್ಲೇ ನಿಂತಿದ್ದ ನಾವಿಬ್ಬರಿಗೆ ಎಲ್ಲಾ ಗೊತ್ತಿತ್ತು. ನಾವು ಬಾಯಿ ಬಿಡಲಿಲ್ಲ. ನಮ್ಮ ಮಾರ್ಕ್ಸ್ ಚೆನ್ನಾಗಿ ಬಂದಿತ್ತಲ್ಲ.

ಸಿಮ್ಯುಲೇಶನ್‌ನಲ್ಲಿ ಒಬ್ಬನನ್ನ ತೆಗೆದುಹಾಕಿ ಸಾವಿರ ಸಲ ಓಡಿಸಬಹುದು. ಜೀವನದಲ್ಲಿ ಒಂದೇ ರನ್, ರೀಸ್ಟಾರ್ಟ್ ಇಲ್ಲ. ಅಲ್ಲಿ ಬರದೇ ಹೋದ ತೊಂದರೆಯನ್ನ ನೋಡಿದವರು ಬಾಯಿಬಿಟ್ಟು ಹೇಳಬೇಕು, ಬೇರೆ ಉಪಾಯ ಇಲ್ಲ.

ಲೀಗ್‌ನ ಪ್ರಶಸ್ತಿ ಸೂತ್ರವನ್ನ ನಾವು ಬದಲಾಯಿಸಿದ್ವಿ. ಹೊಸ ಸೂತ್ರದಲ್ಲಿ ಇಪ್ಪತ್ನಾಲ್ಕಿಗೆ ಐದರಿಂದ ಎಂಟನೇ ಸೀಸನ್‌ವರೆಗೆ ನಾಲ್ಕು ಪ್ರಶಸ್ತಿ. ಹನ್ನೊಂದನೇ ಸೀಸನ್‌ದು ವಾಪಸ್ ಹೋಯ್ತು! ಈ ಸೆಮ್‌ನ ಪ್ರಾಜೆಕ್ಟ್ ರಿಪೋರ್ಟ್‌ಗೂ ಒಂದು ಪುಟ ಸೇರಿಸಿದ್ದೀವಿ: ಯಾವ ಬಗ್ ಸಿಕ್ತು, ಯಾರು ಹಿಡಿದ್ರು, ಹಿಡಿಯದಿದ್ರೆ ಏನಾಗ್ತಿತ್ತು. ಸದ್ಯಕ್ಕೆ ಹದಿನಾಲ್ಕು ಸಾಲು ಇದೆ. ಅದರಲ್ಲಿ ಹನ್ನೊಂದು ಒಬ್ಬನದೇ. ವೈವಾ ಮುಂದಿನ ತಿಂಗಳು. ಈ ಸಲ ಅವನಿಗೆ ಪ್ರಶ್ನೆ ಬಂದ್ರೆ ಮೊದಲು ಮಾತಾಡೋದು ನಾವಿಬ್ಬರು.